ಗೆರೆ ಬಿಟ್ಟು ಓಡುತ್ತಿದ್ದ ಗರಗಸ

18 ಮಿಲಿಮೀಟರ್ ದಪ್ಪದ ತೇಗದ ಹಲಗೆಯಲ್ಲಿ ಮನೆಯ ಹೆಸರಿನ ಅಕ್ಷರಗಳನ್ನು ಸ್ಕ್ರಾಲ್ ಸಾ ಯಂತ್ರದಿಂದ (ತೆಳು ಬ್ಲೇಡ್ ಮೇಲೆ ಕೆಳಗೆ ಆಡುತ್ತಾ ಬಾಗಿದ ಗೆರೆಗಳನ್ನು ಕೊಯ್ಯುವ ಗರಗಸ) ಕೊಯ್ಯಲು ಕುಳಿತಿದ್ದೆ. ‘ಶ್ರೀ’ ಮುಗಿಯುವಷ್ಟರಲ್ಲಿ ಮೂರು ಬ್ಲೇಡುಗಳು ತುಂಡಾದವು, ಅಂಚು ಸುಟ್ಟು ಕಪ್ಪಾಯಿತು. ಮೊದಲು ಬೈದದ್ದು ಯಂತ್ರವನ್ನು. ತಪ್ಪು ನನ್ನದೇ: ತೆಳು ಪ್ಲೈವುಡ್‌ಗೆಂದು ತಂದಿದ್ದ 1ನೇ ನಂಬರಿನ ಬ್ಲೇಡನ್ನೇ ಹಾಕಿದ್ದೆ. ಅದರ ಒತ್ತೊತ್ತು ಹಲ್ಲುಗಳ ನಡುವೆ ಮರದ ಹೊಟ್ಟು ಹೊರಬರಲು ಜಾಗವಿಲ್ಲ. ಅಲ್ಲೇ ಉಜ್ಜಿ ಬಿಸಿಯೇರುತ್ತದೆ. ಹಲ್ಲುಗಳು ವಿರಳವಾಗಿರುವ 5ನೇ ನಂಬರು ಹಾಕಿ, ಬಿಗಿಯನ್ನೂ ಹೆಚ್ಚಿಸಿದೆ. ಬೆರಳಿನಿಂದ ಮೀಟಿದರೆ ತಂತಿಯಂತೆ ‘ಟಿಂಗ್’ ಎನ್ನಬೇಕು. ಹಲಗೆಯ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿದ ಮೇಲೆ ಸುಟ್ಟ ಕಲೆಯೂ ಬಹುತೇಕ ಹೋಯಿತು.

ಆದರೆ ನೇರ ತಳ್ಳಿದರೂ ಗೆರೆ ತಪ್ಪುತ್ತಿತ್ತು, ಪ್ರತಿ ಸಲವೂ ಒಂದೇ ಕಡೆಗೆ. ತಯಾರಿಕೆಯಲ್ಲಿ ಬ್ಲೇಡಿಗೆ ಹಲ್ಲು ಕೊರೆಯುವಾಗ ಅದರ ಒಂದು ಪಕ್ಕದಲ್ಲಿ ಸಣ್ಣ ಮುಳ್ಳಂಚು ಉಳಿಯುತ್ತದೆ. ಆ ಪಕ್ಕ ಹೆಚ್ಚು ಕೊಯ್ಯುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ (ಯಂತ್ರ ನಿಲ್ಲಿಸಿ ಎಂದು ಬೇರೆ ಹೇಳಬೇಕೇ!). ಹಲಗೆಯನ್ನು ನಾಲ್ಕೈದು ಡಿಗ್ರಿ ಓರೆ ಹಿಡಿದು ತಳ್ಳಿದೆ, ಬ್ಲೇಡ್ ಗೆರೆಯ ಮೇಲೆಯೇ ನಡೆಯಿತು. ‘ನಿಲಯ’ದ ‘ಯ’ ಈಗಲೂ ತುಸು ಸೊಟ್ಟಗಿದೆ. ಅದು ಬ್ಲೇಡಿನದಲ್ಲ, ನನ್ನ ಕೈಯದು.