ಮೆಡಿಟರೇನಿಯನ್ ಮಧುಚಂದ್ರ: ಬಂದರಿನ ದಿನಗಳನ್ನು ಯೋಜಿಸುವುದು ಹೇಗೆ?

ಮೆಡಿಟರೇನಿಯನ್ ಕ್ರೂಸ್‌ನ ಕರಪತ್ರದಲ್ಲಿ ‘ರೋಮ್’ ಎಂದು ಅಚ್ಚಾಗಿರುವ ದಿನ ಹಡಗು ರೋಮ್‌ಗೆ ಹೋಗುವುದೇ ಇಲ್ಲ. ಅದು ನಿಲ್ಲುವುದು ಚಿವಿತವೆಕ್ಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್ ಇನ್ನೂ 70 ಕಿ.ಮೀ.ಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ಶಿವಮೊಗ್ಗದಿಂದ ಸಾಗರಕ್ಕೆ ಇರುವಷ್ಟು ದೂರ. ‘ಫ್ಲಾರೆನ್ಸ್’ ಎಂದಿದ್ದರೆ ಹಡಗು ಲಿವೋರ್ನೊದಲ್ಲಿ ಕಟ್ಟುತ್ತದೆ, ಉಳಿದ ಸುಮಾರು 90 ಕಿ.ಮೀ. ನಮ್ಮ ಪಾಲಿನದು. ‘ವೆನಿಸ್’ ಎಂದಿದ್ದರಂತೂ ಇನ್ನಷ್ಟು ಎಚ್ಚರ ಬೇಕು: 2021ರ ಆಗಸ್ಟ್‌ನಿಂದ 25,000 ಟನ್ ಮೀರಿದ ಹಡಗುಗಳು ಸೇಂಟ್ ಮಾರ್ಕ್ ಚೌಕದ ಮುಂದೆ ಹಾದುಹೋಗುವಂತಿಲ್ಲವಾದ್ದರಿಂದ, ದೊಡ್ಡ ಕ್ರೂಸ್‌ಗಳು ಮಾರ್ಗೆರಾ, ರವೆನ್ನಾ ಅಥವಾ ಟ್ರಿಯೆಸ್ಟೆಯಲ್ಲಿ ನಿಲ್ಲುತ್ತವೆ, ಟ್ರಿಯೆಸ್ಟೆಯಿಂದ ವೆನಿಸ್‌ಗೆ ರೈಲಿನಲ್ಲೇ ಎರಡು ಗಂಟೆ ಹಿಡಿಯುತ್ತದೆ.

ಮಲೆನಾಡಿನ ಮನೆಗಳಲ್ಲೂ ಈಗ ಮಗಳ ಅಥವಾ ಮಗನ ಮದುವೆಯ ಉಡುಗೊರೆಯಾಗಿ ಇಂಥ ಪ್ಯಾಕೇಜ್ ಕೊಡಿಸುವವರಿದ್ದಾರೆ. ಹಣ ಕಟ್ಟುವಾಗ ಕ್ಯಾಬಿನ್‌ಗೆ ಬಾಲ್ಕನಿ ಇದೆಯೇ, ಸಸ್ಯಾಹಾರ ಸಿಗುತ್ತದೆಯೇ ಎಂದು ವಿಚಾರಿಸುವವರು ಬಂದರಿನಲ್ಲಿ ಎಷ್ಟು ಗಂಟೆ ಸಿಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಬಂದರು ಭೇಟಿಯ ಯೋಜನೆ ಎಂದರೆ ಮೊದಲು ಗಂಟೆಗಳ ಲೆಕ್ಕ. ಏನು ನೋಡಬೇಕು ಎಂಬುದು ಆ ಲೆಕ್ಕ ಮುಗಿದ ಮೇಲಿನ ಮಾತು.

ತಿಂಗಳು ಆರಿಸಿಕೊಳ್ಳುವುದು

ನಮ್ಮಲ್ಲಿ ವೈಶಾಖ, ಜ್ಯೇಷ್ಠಗಳಲ್ಲಿ ಮದುವೆ ಮುಗಿಸಿ, ಆಷಾಢದಲ್ಲಿ ಸೊಸೆಯನ್ನು ತವರಿಗೆ ಕಳುಹಿಸುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಈ ವಿಷಯದಲ್ಲಿ ಪಂಚಾಂಗ ಮತ್ತು ಮೆಡಿಟರೇನಿಯನ್ ಹವಾಮಾನ ಒಂದೇ ಮಾತು ಹೇಳುತ್ತವೆ, ಏಕೆಂದರೆ ಜುಲೈ, ಆಗಸ್ಟ್ ಅಲ್ಲಿಯ ಕಡು ಬೇಸಿಗೆ, ಶಾಲೆಗಳ ರಜೆ, ಅತಿ ಹೆಚ್ಚಿನ ದರ, ಅತಿ ಹೆಚ್ಚಿನ ಜನಸಂದಣಿ, ಎಲ್ಲವೂ ಒಟ್ಟಿಗೆ ಸೇರುವ ಕಾಲ. 2023ರ ಜುಲೈನಲ್ಲಿ ಬಿಸಿಗಾಳಿಯಿಂದಾಗಿ ಅಥೆನ್ಸ್‌ನ ಬೆಟ್ಟದ ಮೇಲಿನ ಪುರಾತನ ದೇಗುಲಗಳ ತಾಣ ಅಕ್ರೊಪೊಲಿಸನ್ನೇ ನಡುಮಧ್ಯಾಹ್ನದ ಹೊತ್ತು ಮುಚ್ಚಬೇಕಾಯಿತು. ಮಳೆಗಾಲದಲ್ಲಿ ಬೆಳೆದ ಮೈಗೆ ಆ ಒಣ ಬಿಸಿಲು ಹಿತವಲ್ಲ.

ಮೇ ತಿಂಗಳು, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿ ಉತ್ತಮ. ಅಡಿಕೆ ತೋಟದ ಮನೆಯವರಿಗೆ ಸೆಪ್ಟೆಂಬರ್ ಇನ್ನೊಂದು ಕಾರಣಕ್ಕೂ ಅನುಕೂಲ: ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಗಡಿಬಿಡಿ ಅಷ್ಟರಲ್ಲಿ ಮುಗಿದಿರುತ್ತದೆ, ಕೊನೆ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಆದರೆ ಮದುವೆಯ ನಂತರದ ಮೊದಲ ಗೌರಿ ಹಬ್ಬ ಯಾವ ದಿನ ಬರುತ್ತದೆಂದು ನೋಡಿಕೊಳ್ಳದೆ ಟಿಕೆಟ್ ಕಾಯ್ದಿರಿಸಿದರೆ, ಮುಂದೆ ನಡೆಯುವ ಮಾತುಕತೆಗೆ ಯಾವ ವಿಮೆಯೂ ನೆರವಿಗೆ ಬರುವುದಿಲ್ಲ.

ವೀಸಾದ ಎಣಿಕೆ

ಇಟಲಿ, ಸ್ಪೇನ್, ಫ್ರಾನ್ಸ್, ಗ್ರೀಸ್, ಮಾಲ್ಟಾ ಮತ್ತು 2023ರ ಜನವರಿಯಿಂದ ಕ್ರೊಯೇಷಿಯಾ, ಇವೆಲ್ಲ ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ದೇಶಗಳ ಷೆಂಗೆನ್ ವಲಯದೊಳಗಿವೆ. ಒಂದೇ ವೀಸಾ ಸಾಕು. ಟರ್ಕಿ ಮತ್ತು ಮಾಂಟೆನೆಗ್ರೊ ಹೊರಗಿವೆ. ಹಡಗು ಗ್ರೀಸ್‌ನಿಂದ ಟರ್ಕಿಯ ಕುಶಾದಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಮರಳುವುದಾದರೆ ಅದು ಷೆಂಗೆನ್‌ಗೆ ಎರಡನೆಯ ಪ್ರವೇಶವಾಗುತ್ತದೆ. ಏಕ ಪ್ರವೇಶದ ವೀಸಾ ಇದ್ದವರಿಗೆ ಅಲ್ಲೇ ತೊಡಕು. ಆದ್ದರಿಂದ ಅರ್ಜಿಯಲ್ಲಿ ಬಹು ಪ್ರವೇಶದ ವೀಸಾವನ್ನೇ ಕೇಳಬೇಕು, ಕ್ರೂಸ್‌ನ ಬಂದರುವಾರು ವೇಳಾಪಟ್ಟಿಯನ್ನು ಅದಕ್ಕೆ ಲಗತ್ತಿಸಬೇಕು. ಟರ್ಕಿಯ ಅನುಮತಿಯನ್ನು ಪ್ರತ್ಯೇಕವಾಗಿ ಕ್ರೂಸ್ ಕಂಪನಿಯಿಂದಲೇ ಲಿಖಿತವಾಗಿ ತಿಳಿದುಕೊಳ್ಳುವುದು ಲೇಸು.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು. ಕನಿಷ್ಠ 15 ದಿನವಾದರೂ ಮುಂಚೆ ಸಲ್ಲಿಸಲೇಬೇಕು. ಪ್ರವಾಸದ ಹೆಚ್ಚಿನ ದಿನಗಳು ಯಾವ ದೇಶದಲ್ಲೋ ಆ ದೇಶಕ್ಕೆ, ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ ಹಾಕುವುದು ನಿಯಮ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಮದುವೆಯಾದ ಕೂಡಲೇ ಹೆಸರು ಬದಲಿಸಿ ಹೊಸ ಪಾಸ್‌ಪೋರ್ಟ್‌ಗೆ ಓಡಾಡುವ ಉತ್ಸಾಹವನ್ನು ಪ್ರವಾಸ ಮುಗಿಯುವವರೆಗೆ ತಡೆದುಕೊಳ್ಳುವುದು ಒಳ್ಳೆಯದು. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರಿರಬೇಕು.

ಹಿಂದಿನಿಂದ ಮುಂದಕ್ಕೆ ಗಂಟೆ ಎಣಿಸುವುದು

ಇಲ್ಲಿಂದ ಮುಂದಿನದು ಕಾಗದ, ಪೆನ್ನು ಹಿಡಿದು ಮಾಡುವ ಕೆಲಸ. ಪ್ರತಿ ಬಂದರಿಗೂ ಕ್ರೂಸ್ ಕಂಪನಿ ಎರಡು ಸಮಯ ಕೊಡುತ್ತದೆ: ಹಡಗು ತಲುಪುವುದು, ಹಡಗು ಹೊರಡುವುದು. ನಮಗೆ ಬೇಕಾದದ್ದು ಮೂರನೆಯದು, ಎಲ್ಲರೂ ಹಡಗು ಹತ್ತಿರಲೇಬೇಕಾದ ಗಡುವು. ಅದು ಹೊರಡುವ ವೇಳೆಗಿಂತ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲಿರುತ್ತದೆ. ಎಣಿಕೆಯನ್ನು ಆ ಗಡುವಿನಿಂದ ಹಿಂದಕ್ಕೆ ಆರಂಭಿಸಬೇಕು.

ಚಿವಿತವೆಕ್ಕಿಯಾದ ದಿನವನ್ನೇ ತೆಗೆದುಕೊಳ್ಳೋಣ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುತ್ತದೆ, ಗಡುವು 6.30 ಎಂದಿಟ್ಟುಕೊಳ್ಳಿ. ರೈಲು ತಡವಾದರೆ, ತಪ್ಪಿದರೆ ಎಂದು ಒಂದೂವರೆ ಗಂಟೆಯನ್ನು ಮೀಸಲಿಟ್ಟು 5ಕ್ಕೆ ಬಂದರಿನಲ್ಲಿರುವುದು ನಮ್ಮ ಗುರಿಯಾಗಲಿ. ರೋಮ್‌ನ ಸಾನ್ ಪಿಯೆತ್ರೊ ನಿಲ್ದಾಣದಿಂದ ಚಿವಿತವೆಕ್ಕಿಯಾಕ್ಕೆ ರೈಲಿನಲ್ಲಿ ಸುಮಾರು ಮುಕ್ಕಾಲರಿಂದ ಒಂದು ಗಂಟೆ. ಅಲ್ಲಿಂದ ಬಂದರಿಗೆ ಇನ್ನಷ್ಟು. ಆಗ 3.30ಕ್ಕೆ ರೋಮ್ ಬಿಡಬೇಕು. ಬೆಳಗಿನ ಕಡೆ ನೋಡಿದರೆ, 7ಕ್ಕೆ ಹಡಗು ಕಟ್ಟಿದರೂ ಕಾಲು ನೆಲಕ್ಕೆ ತಾಗುವಾಗ 8 ಆಗಿರುತ್ತದೆ. ಬಂದರಿನೊಳಗೆ ನಡೆದು ಹೋಗುವಂತಿಲ್ಲ. ಶಟಲ್ ಬಸ್ಸಿನಲ್ಲಿ ದ್ವಾರದ ಬಳಿಯ ಲಾರ್ಗೊ ದೆಲ್ಲಾ ಪಾಚೆಗೆ ಬಂದು, ಅಲ್ಲಿಂದ ರೈಲು ನಿಲ್ದಾಣ ಸೇರಿ, 9ರ ಸುಮಾರಿನ ರೈಲು ಹಿಡಿದರೆ ಸಾನ್ ಪಿಯೆತ್ರೊದಲ್ಲಿ ಇಳಿಯುವಾಗ 10. ಕರಪತ್ರದ ಹನ್ನೆರಡು ಗಂಟೆ ಐದೂವರೆ ಗಂಟೆಗೆ ಇಳಿಯಿತು. ಊಟ, ಸರದಿ ಸಾಲು ಎಲ್ಲವೂ ಅದರೊಳಗೇ.

ಐದೂವರೆ ಗಂಟೆಯಲ್ಲಿ ವ್ಯಾಟಿಕನ್ ಅಥವಾ ಕೊಲೊಸಿಯಮ್, ಎರಡರಲ್ಲಿ ಒಂದು. ಎರಡನ್ನೂ ತೋರಿಸುತ್ತೇವೆನ್ನುವ ಪ್ಯಾಕೇಜ್‌ಗಳು ಎರಡರ ಹೊರಗೋಡೆಯನ್ನು ಬಸ್ಸಿನ ಕಿಟಕಿಯಿಂದ ತೋರಿಸುವ ಸಂಭವವೇ ಹೆಚ್ಚು. ವ್ಯಾಟಿಕನ್ ಆರಿಸಿಕೊಂಡವರಿಗೆ ಸಾನ್ ಪಿಯೆತ್ರೊ ನಿಲ್ದಾಣ ಅನುಕೂಲ, ಸೇಂಟ್ ಪೀಟರ್ಸ್ ಬೆಸಿಲಿಕಾ ಎಂಬ ಮಹಾಚರ್ಚಿಗೆ ಅಲ್ಲಿಂದ ನಡೆದೇ ಹೋಗಬಹುದು. ವಾರದ ದಿನವನ್ನೂ ನೋಡಿಕೊಳ್ಳಬೇಕು: ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರಗಳಂದು ಮುಚ್ಚಿರುತ್ತವೆ, ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನವಿದ್ದರೆ ಬೆಸಿಲಿಕಾ ಪ್ರವೇಶ ತಡವಾಗುತ್ತದೆ. ಭುಜ, ಮೊಣಕಾಲು ಮುಚ್ಚಿರಬೇಕೆಂಬ ನಿಯಮ ಸೀರೆ, ಚೂಡಿದಾರ್ ಉಟ್ಟವರಿಗೆ ತೊಂದರೆ ಕೊಡದು. ಬರ್ಮುಡಾ ಚಡ್ಡಿಯ ಗಂಡನನ್ನು ಬಾಗಿಲಲ್ಲೇ ತಡೆಯಬಹುದು. ಕಾಗದದ ರೈಲು ಟಿಕೆಟ್ ಕೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ಟಿಕೆಟ್ ಇದ್ದೂ ದಂಡ ತೆರಬೇಕಾಗುತ್ತದೆ.

ಇದೇ ಎಣಿಕೆಯನ್ನು ಲಿವೋರ್ನೊಗೆ ಹಚ್ಚಿದರೆ ಫ್ಲಾರೆನ್ಸ್‌ಗೆ ಉಳಿಯುವುದು ನಾಲ್ಕು ಗಂಟೆಯ ಆಸುಪಾಸು; ಸೋಮವಾರವಾದರೆ ಉಫಿಝಿ ಕಲಾ ಸಂಗ್ರಹಾಲಯವೂ ಡೇವಿಡ್ ಪ್ರತಿಮೆಯಿರುವ ಅಕಾಡೆಮಿಯಾವೂ ಮುಚ್ಚಿರುತ್ತವೆ. ಹತ್ತಿರದ ಪೀಸಾ ನೋಡಿ ನಿಧಾನವಾಗಿ ಮರಳುವವರೇ ಜಾಣರು.

ಹಡಗಿನವರ ಪ್ರವಾಸವೋ, ಸ್ವಂತ ಓಡಾಟವೋ

ಹಡಗಿನವರೇ ಏರ್ಪಡಿಸುವ ಪ್ರವಾಸಕ್ಕೆ ದರ ಹೆಚ್ಚು, ಗುಂಪು ದೊಡ್ಡದು. ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಹಾಗಾಗಿ ಒಂದು ಸರಳ ವಿಭಜನೆ ಮಾಡಿಕೊಳ್ಳಬಹುದು: ನೋಡಬೇಕಾದ ಸ್ಥಳ ಬಂದರಿನಿಂದ ಒಂದು ಗಂಟೆಗಿಂತ ದೂರವಿದ್ದರೆ ಹಡಗಿನವರ ಪ್ರವಾಸ, ಹತ್ತಿರವಿದ್ದರೆ ಸ್ವಂತ ಓಡಾಟ. ರೋಮ್ ಈ ಗಡಿಯ ಮೇಲೆಯೇ ಇದೆ. ರೈಲಿನ ಓಡಾಟಕ್ಕೆ ಹೆದರದವರು ಸ್ವಂತವಾಗಿ ಹೋಗಬಹುದು.

ಸ್ವಂತವಾಗಿ ತಿರುಗಲು ಒಳ್ಳೆಯ ಬಂದರುಗಳು ಹಲವಿವೆ. ಮಾಲ್ಟಾದ ವ್ಯಾಲೆಟ್ಟಾದಲ್ಲಿ ಹಡಗಿನಿಂದ ಇಳಿದು ಸ್ವಲ್ಪ ನಡೆದರೆ ಲಿಫ್ಟ್ ಸಿಗುತ್ತದೆ, ಅದು ನೇರವಾಗಿ ಕೋಟೆಯ ಮೇಲಿನ ಬರಾಕಾ ಉದ್ಯಾನಕ್ಕೆ ಏರಿಸುತ್ತದೆ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ದೊಡ್ಡ ಹಡಗುಗಳು ನಿಲ್ಲುವ ಗ್ರೂಜ್ ಬಂದರಿನಿಂದ ಹಳೆಯ ಊರಿನ ಪಿಲೆ ದ್ವಾರಕ್ಕೆ ಸುಮಾರು 3 ಕಿ.ಮೀ., ಸಿಟಿ ಬಸ್ಸು ಸಾಕು. ಗ್ರೀಸ್‌ನ ಪಿರಿಯಸ್ ಬಂದರಿನಿಂದ ಅಥೆನ್ಸ್‌ನ ಮಧ್ಯಭಾಗಕ್ಕೆ ಮೆಟ್ರೊ ಇದೆ. ಅಕ್ರೊಪೊಲಿಸ್‌ಗೆ ಈಗ ನಿಗದಿತ ವೇಳೆಯ ಟಿಕೆಟ್ ಆಗಿರುವುದರಿಂದ ಊರಿನಲ್ಲಿರುವಾಗಲೇ ಆನ್‌ಲೈನ್‌ನಲ್ಲಿ ಕೊಂಡಿರಬೇಕು. ಬಾರ್ಸಿಲೋನಾದಿಂದಲೇ ಕ್ರೂಸ್ ಆರಂಭವಾಗುವುದಾದರೆ 1882ರಲ್ಲಿ ಕಟ್ಟಲಾರಂಭಿಸಿದ ಸಗ್ರಾದಾ ಫಮಿಲಿಯಾ ಚರ್ಚನ್ನು ಹಡಗು ಹತ್ತುವ ಹಿಂದಿನ ದಿನವೇ ನೋಡಿ ಮುಗಿಸುವುದು ಒಳಿತು. ಹೇಗೂ ಒಂದು ದಿನ ಮುಂಚಿತವಾಗಿಯೇ ಅಲ್ಲಿರಬೇಕು. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ನಡುವೆ ವಿಮಾನ ಬದಲಿಸಿ ಹೋಗುವವರು ಹಡಗು ಹೊರಡುವ ದಿನವೇ ತಲುಪುವ ಸಾಹಸಕ್ಕೆ ಕೈಹಾಕಬಾರದು.

ನೇಪಲ್ಸ್ ಬಂದರು ಊರ ನಡುವೆಯೇ ಇದೆ. ಗಾರಿಬಾಲ್ದಿ ನಿಲ್ದಾಣದಿಂದ ಚಿರ್ಕುಂವೆಸುವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ ಸುಮಾರು 40 ನಿಮಿಷಕ್ಕೆ ಪೊಂಪೇ ತಲುಪಬಹುದು. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿಯಡಿ ಹೂತ ಆ ಊರಿಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟ್ ಮೇಲೆ ಹೆಸರಿರುತ್ತದೆ. ಅದು ನೆರಳಿಲ್ಲದ, ಕಲ್ಲು ಹಾಸಿದ ದೊಡ್ಡ ಊರು. ನಡೆದು ದಣಿಯಲು ಮನಸ್ಸಿಲ್ಲದವರು ಅದೇ ಮಾರ್ಗದ ಎರ್ಕೊಲಾನೊದಲ್ಲಿ ಇಳಿದರೆ ಅದೇ ಜ್ವಾಲಾಮುಖಿಯಡಿ ಹೂತ, ಚಿಕ್ಕದಾದ ಹರ್ಕ್ಯುಲೇನಿಯಮ್ ಇದೆ. ಮರಳಿ ಬಂದು ನೇಪಲ್ಸ್‌ನಲ್ಲೇ ಪಿಟ್ಸಾ ತಿನ್ನಬೇಕು. ಮರಿನಾರಾ ಎಂಬುದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ. ಬೆಳ್ಳುಳ್ಳಿ ತಿನ್ನದವರಿಗೆ ಮಾರ್ಗೆರಿಟಾ ಇದ್ದೇ ಇದೆ. ಅಂದಹಾಗೆ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಲಿ. ತೂಕದ ಚಿನ್ನವೂ ಅಷ್ಟೇ: ಈ ಸ್ಥಳೀಯ ರೈಲು, ರೋಮ್‌ನ ಮೆಟ್ರೊ, ಬಾರ್ಸಿಲೋನಾದ ರಾಂಬ್ಲಾ ಬೀದಿ ಜೇಬುಗಳ್ಳರಿಗೆ ಹೆಸರುವಾಸಿ.

ಸ್ಯಾಂಟೊರಿನಿಯ ಸರದಿ

ಮಧುಚಂದ್ರಕ್ಕೆ ಹೊರಟವರೆಲ್ಲ ಕೇಳುವ, ಗ್ರೀಸ್‌ನ ದ್ವೀಪವೊಂದರ ಬಂದರು ಇದು. ಯೋಜನೆ ಹೆಚ್ಚು ಕೆಡುವುದೂ ಇಲ್ಲಿಯೇ. ದೊಡ್ಡ ಕ್ರೂಸ್ ಹಡಗು ದಡಕ್ಕೆ ತಾಗುವುದಿಲ್ಲ. ಟೆಂಡರ್ ಎಂಬ ಚಿಕ್ಕ ದೋಣಿಗಳಲ್ಲಿ ಜನರನ್ನು ಹಳೆಯ ಬಂದರಿಗೆ ಇಳಿಸುತ್ತಾರೆ. ಫಿರಾ ಊರು ಅಲ್ಲಿಂದ ಕಡಿದಾದ ಬಂಡೆಯ ನೆತ್ತಿಯ ಮೇಲಿದೆ. ಏರಲು ಕೇಬಲ್ ಕಾರ್, ಇಲ್ಲವೇ ಸುಮಾರು 600 ಮೆಟ್ಟಿಲು; ಮೆಟ್ಟಿಲ ಮೇಲೆ ಹೇಸರಗತ್ತೆಗಳ ಸವಾರಿಯೂ ಇದೆ, ಬಿಸಿಲಲ್ಲಿ ಬಸವಳಿದ ಆ ಪ್ರಾಣಿಗಳ ಮೇಲೆ ಹತ್ತದಿರುವುದೇ ವಾಸಿ. ಒಂದೇ ದಿನ ಮೂರ್ನಾಲ್ಕು ಹಡಗು ಬಂದರೆ ಕೇಬಲ್ ಕಾರ್‌ನ ಸಾಲು ಗಂಟೆ ದಾಟುತ್ತದೆ, ಇಳಿಯುವಾಗಲೂ ಅದೇ ಸಾಲು. ಮೊದಲ ಟೆಂಡರ್‌ನಲ್ಲಿ ಇಳಿಯಬೇಕು; ಮರಳುವಾಗ ಕೊನೆಯ ಟೆಂಡರ್‌ಗಿಂತ ಎರಡು ಗಂಟೆ ಮೊದಲೇ ಕೇಬಲ್ ಕಾರ್ ಬಳಿ ಇರಬೇಕು, ಇಲ್ಲವೇ ಮೆಟ್ಟಿಲಲ್ಲಿ ನಡೆದು ಇಳಿಯಬೇಕು.

ನೀಲಿ ಗುಮ್ಮಟಗಳ ಹಿಂದೆ ಸೂರ್ಯ ಮುಳುಗುವ ಚಿತ್ರ ತೆಗೆಸಿಕೊಳ್ಳುವ ಆಸೆಯಿದ್ದರೆ ಹಡಗು ಹೊರಡುವ ವೇಳೆಯನ್ನು ಮೊದಲು ನೋಡಿ. ಇಯಾ ಊರು ಫಿರಾದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಜೂನ್‌ನಲ್ಲಿ ಅಲ್ಲಿ ಸೂರ್ಯಾಸ್ತ ರಾತ್ರಿ ಎಂಟೂವರೆಯ ಹೊತ್ತಿಗೆ. ಸಂಜೆ ಆರಕ್ಕೋ ಏಳಕ್ಕೋ ಲಂಗರು ಎತ್ತುವ ಹಡಗಿನವರಿಗೆ ಅದು ಡೆಕ್ ಮೇಲಿನಿಂದ ಮಾತ್ರ ಸಿಗುವ ನೋಟ. ರಾತ್ರಿ ಹತ್ತರವರೆಗೆ ನಿಲ್ಲುವ ಹಡಗುಗಳೂ ಇವೆ, ಕ್ರೂಸ್ ಆರಿಸುವಾಗಲೇ ಇದನ್ನು ಹೋಲಿಸಿ ನೋಡಬೇಕು. 2025ರ ಜುಲೈನಿಂದ ಸ್ಯಾಂಟೊರಿನಿ ಮತ್ತು ಮಿಕೊನೊಸ್‌ಗಳಲ್ಲಿ ಕ್ರೂಸ್ ಪ್ರಯಾಣಿಕರಿಗೆ ಬೇಸಿಗೆಯ ತಿಂಗಳುಗಳಲ್ಲಿ ತಲಾ 20 ಯೂರೊ ಶುಲ್ಕವೂ ಇದೆ.

ಗಾಳಿ ಜೋರಾದರೆ ಟೆಂಡರ್ ಇಳಿಸುವುದಿಲ್ಲ, ಬಂದರೇ ರದ್ದಾಗಬಹುದು. ಆದ್ದರಿಂದ ಟೆಂಡರ್ ಬಂದರಿನಲ್ಲಿ ಹಣ ಮರಳದ ಟಿಕೆಟ್ ಕೊಳ್ಳಬಾರದು.

ಒಂದು ಬಂದರನ್ನು ಬಿಡುವುದು

ಏಳು ರಾತ್ರಿಯ ಕ್ರೂಸ್‌ನಲ್ಲಿ ಐದು ಬಂದರಿದ್ದರೆ ನಾಲ್ಕಕ್ಕೆ ಮಾತ್ರ ಯೋಜನೆ ಸಾಕು. ಐದನೆಯ ದಿನ ಎಲ್ಲರೂ ಇಳಿದುಹೋದ ಹಡಗಿನಲ್ಲಿ ಈಜುಕೊಳವೂ ಊಟದ ಮನೆಯೂ ಬಹುತೇಕ ಖಾಲಿಯಿರುತ್ತವೆ. ಮದುವೆಯ ನೆಂಟರಿಷ್ಟರ ಗದ್ದಲದಿಂದ ಬಂದ ಇಬ್ಬರಿಗೆ ಅಂಥ ಏಕಾಂತ ಬೇರೆ ದಿನ ಸಿಗುವುದಿಲ್ಲ. ‘ದುಡ್ಡು ಕೊಟ್ಟಿದ್ದೇವೆ, ಎಲ್ಲ ನೋಡಬೇಕು’ ಎನ್ನುವವರು ಮೂರನೆಯ ದಿನಕ್ಕೇ ಪರಸ್ಪರ ಮುಖ ಗಂಟಿಕ್ಕಿಕೊಂಡಿರುತ್ತಾರೆ.

ಇಳಿಯುವ ಹಿಂದಿನ ರಾತ್ರಿ

ಕ್ಯಾಬಿನ್‌ಗೆ ಬರುವ ಮರುದಿನದ ಕಾರ್ಯಸೂಚಿಯ ಹಾಳೆಯ ಫೋಟೊ ತೆಗೆದುಕೊಳ್ಳಿ. ಗಡುವು ಮತ್ತು ಬಂದರು ಏಜೆಂಟರ ದೂರವಾಣಿ ಸಂಖ್ಯೆ ಅದರಲ್ಲಿರುತ್ತವೆ. ಗ್ರೀಸ್‌ನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದೆ. ಫೋನು ತಾನಾಗಿಯೇ ಸ್ಥಳೀಯ ಸಮಯಕ್ಕೆ ಬದಲಾಗುತ್ತದೆ, ಹಡಗು ಕೆಲವೊಮ್ಮೆ ತನ್ನದೇ ಸಮಯ ಇಟ್ಟುಕೊಳ್ಳುತ್ತದೆ. ಆದ್ದರಿಂದ ಒಬ್ಬರ ಕೈಗಡಿಯಾರವಾದರೂ ಹಡಗಿನ ಸಮಯದಲ್ಲಿರಲಿ. ಕೆಲವು ಕಂಪನಿಗಳು ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದರಿಂದ ಅದರ ಮತ್ತು ವೀಸಾ ಪುಟದ ನಕಲು ಇಬ್ಬರ ಬಳಿಯೂ ಬೇಕು.

ಇಷ್ಟಾಗಿಯೂ ಹಡಗು ತಪ್ಪಿದರೆ ಬಂದರಿನಲ್ಲಿ ಮೊದಲು ಆ ಏಜೆಂಟರನ್ನು ಕಾಣಬೇಕು. ಗಡುವಿಗೆ ಬಾರದವರ ಪಾಸ್‌ಪೋರ್ಟನ್ನು ಹಡಗಿನವರು ಸಾಮಾನ್ಯವಾಗಿ ಏಜೆಂಟರ ಬಳಿ ಬಿಟ್ಟಿರುತ್ತಾರೆ. ಮುಂದಿನ ಬಂದರಿಗೆ ಹೋಗುವ ವೆಚ್ಚ ನಮ್ಮದೇ. ಆ ಬಂದರು ಷೆಂಗೆನ್ ಹೊರಗಿದ್ದರೆ ಅಲ್ಲಿಗೆ ವಿಮಾನ ಹತ್ತಲು ಪ್ರತ್ಯೇಕ ವೀಸಾ ಬೇಕಾಗಬಹುದಾದ್ದರಿಂದ, ಅದನ್ನು ಬಿಟ್ಟು ಹಡಗು ಮತ್ತೆ ಷೆಂಗೆನ್‌ಗೆ ಮರಳುವ ಬಂದರಿನಲ್ಲಿ ಸೇರಿಕೊಳ್ಳುವುದು ಸುಲಭ.