ಗ್ಯಾಲರಿಯೊಳಗೆ ಬೆಂಗಳೂರಿನ ಬಿಸಿಲು

ಚಿತ್ರಕಾರರ ಪ್ರದರ್ಶನವಾದರೆ ಚಿತ್ರವನ್ನೇ ತಂದು ಗೋಡೆಗೆ ಹಾಕಬಹುದು. ವಾಸ್ತುಶಿಲ್ಪಿಯ ಪ್ರದರ್ಶನದಲ್ಲಿ ಅಸಲು ಕೆಲಸ ಎಲ್ಲೋ ಊರೊಳಗೆ ನಿಂತಿರುತ್ತದೆ. ನಮ್ಮ ಕೈಗೆ ಸಿಗುವುದು ಡ್ರಾಯಿಂಗ್, ಫೋಟೊ, ಒಂದಷ್ಟು ಪತ್ರ. ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ ಬಗ್ಗೆ ಬೆಂಗಳೂರಿನ ಒಂದು ಸಂಗ್ರಹಾಲಯದಲ್ಲಿ ಸಣ್ಣ ಪ್ರದರ್ಶನ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಕಾಡಿದ ಪ್ರಶ್ನೆ ಇದೇ: ಬಂದವರಿಗೆ ನಿಜಕ್ಕೂ ತೋರಿಸುವುದು ಏನನ್ನು?

ಅವರ ಬದುಕೇ ಒಂದು ದೊಡ್ಡ ಕಥೆ. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಯಹೂದಿ ಮೂಲದವರಾದ್ದರಿಂದ ನಾಜಿಗಳು ಬಂದ ಮೇಲೆ ದೇಶ ಬಿಡಬೇಕಾಯಿತು. ಈಜಿಪ್ಟ್‌ನಲ್ಲಿ ಕೆಲವು ವರ್ಷ ಇದ್ದು, 1939ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ನಮ್ಮ ಐಐಎಸ್‌ಸಿಯ ಕೆಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರದು. ಸ್ವಾತಂತ್ರ್ಯ ಬಂದ ಮೇಲೆ ಭುವನೇಶ್ವರದ ನಗರ ಯೋಜನೆಯನ್ನೂ ಮಾಡಿದರು. ಆಮೇಲೆ ಲಂಡನ್ನಿಗೆ ಹೋಗಿ, ಉಷ್ಣವಲಯದ ಕಟ್ಟಡಗಳ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದರು. ಕೃಷ್ಣರಾವ್ ಪಾರ್ಕಿಗೆ ದಿನಾ ವಾಕಿಂಗ್ ಹೋಗುವ ಎಷ್ಟೋ ಜನಕ್ಕೆ ಅವರ ಹೆಸರು ಗೊತ್ತಿಲ್ಲ.

ಆದರೂ ಈ ಕಥೆಯನ್ನೆಲ್ಲ ಒಂದೇ ಫಲಕಕ್ಕೆ ಇಳಿಸಿದೆ. ಹುಟ್ಟು, ವಲಸೆ, ಹುದ್ದೆ ಅಂತ ಗೋಡೆ ತುಂಬಿಸಿದರೆ ಜನ ಓದಿಕೊಂಡು ಹೋಗುತ್ತಾರೆ, ಕಟ್ಟಡದ ಬಗ್ಗೆ ಏನೂ ತಿಳಿಯುವುದಿಲ್ಲ. ಬಿಸಿಲನ್ನೂ ಗಾಳಿಯನ್ನೂ ಲೆಕ್ಕ ಹಾಕಿ ಕಟ್ಟುವುದು ಹೇಗೆ ಅನ್ನುವುದೇ ಅವರು ಜೀವನವಿಡೀ ಕೆಲಸ ಮಾಡಿದ ವಿಷಯ. ಹಾಗಾಗಿ ಗ್ಯಾಲರಿಯ ನಡುವೆ ಬಿಸಿಲನ್ನೇ ಇಡೋಣ ಅಂತ ತೀರ್ಮಾನ ಮಾಡಿದೆ.

ಒಂದೇ ಕೋಣೆಯ ಮಾಡೆಲ್ ಮಾಡಿಸಿದೆವು. ಅಳತೆ 1:20. ಉತ್ತರಕ್ಕೊಂದು, ದಕ್ಷಿಣಕ್ಕೊಂದು, ಒಂದೇ ಎತ್ತರದ ಕಿಟಕಿ. ಕಿಟಕಿಯ ಮೇಲೆ ಬಿಸಿಲು ತಡೆಯಲು ಹೊರಚಾಚಿದ ಸಜ್ಜವನ್ನು ಎಳೆಯಬಹುದು, ತಳ್ಳಬಹುದು. ಮೇಲೆ ಬಾಗಿದ ಕಂಬಿ, ಅದರ ಮೇಲೆ ಜಾರುವ ಪುಟ್ಟ ದೀಪ. ದೀಪ ಮೂರು ಕಡೆ ಟಕ್ ಅಂತ ನಿಲ್ಲುತ್ತದೆ: ಡಿಸೆಂಬರ್ 21, ಏಪ್ರಿಲ್ 24, ಜೂನ್ 21ರ ನಡು ಮಧ್ಯಾಹ್ನ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣದ ಕಡೆ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಬೆಳಕು ದಕ್ಷಿಣದ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಏಪ್ರಿಲ್ 24 ಬೆಂಗಳೂರಿನ ಶೂನ್ಯ ನೆರಳಿನ ದಿನ. ಸೂರ್ಯ ನೆತ್ತಿಯ ಮೇಲೆ, ಎರಡೂ ಕಿಟಕಿಯಲ್ಲಿ ಬಿಸಿಲಿಲ್ಲ. ಜೂನ್‌ಗೆ ತಳ್ಳಿದರೆ ಬೆಳಕು ಉತ್ತರದ ಕಿಟಕಿ ಕಡೆಯಿಂದ ಬೀಳುತ್ತದೆ. ಇಲ್ಲಿ ಎಲ್ಲರೂ ನಿಲ್ಲುತ್ತಾರೆ. ಇದೇ ಊರಲ್ಲಿ ಹುಟ್ಟಿ ಬೆಳೆದವರೂ "ಸೂರ್ಯ ಉತ್ತರಕ್ಕೂ ಹೋಗ್ತಾನಾ?" ಅಂತ ಕೇಳುತ್ತಾರೆ.

ಬರ್ಲಿನ್‌ನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಡಿಸೆಂಬರ್‌ನಲ್ಲಂತೂ ಬರೀ 14 ಡಿಗ್ರಿ ಎತ್ತರ. ಕೈರೋದಲ್ಲೂ ಉತ್ತರಕ್ಕೆ ಬರುವುದಿಲ್ಲ. ಅಲ್ಲಿಂದ ಬಂದವರಿಗೆ ಬೆಂಗಳೂರಿನ ಲೆಕ್ಕ ಹೊಸದು. ನಾಲ್ಕು ಅಡಿ ಎತ್ತರದ ಕಿಟಕಿಗೆ ನಡು ಮಧ್ಯಾಹ್ನದ ಬಿಸಿಲು ಪೂರ್ತಿ ತಡೆಯಬೇಕಾದರೆ ದಕ್ಷಿಣದಲ್ಲಿ ಸುಮಾರು ಮೂರು ಅಡಿ ಸಜ್ಜ ಬೇಕು. ಉತ್ತರದಲ್ಲಿ ಮುಕ್ಕಾಲು ಅಡಿ ಸಾಕು. ಪೂರ್ವ, ಪಶ್ಚಿಮಕ್ಕೆ ಎಷ್ಟು ಚಾಚಿದರೂ ಉಪಯೋಗ ಕಮ್ಮಿ, ಬೆಳಗಿನ ಮತ್ತು ಸಂಜೆಯ ಬಿಸಿಲು ಸಜ್ಜದ ಕೆಳಗೇ ನುಸುಳುತ್ತದೆ. ಅದಕ್ಕೇ ಕಟ್ಟಡದ ಉದ್ದದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಮುಖ ಮಾಡಬೇಕು. ಇಷ್ಟನ್ನು ಬರೆದು ಹೇಳಿದರೆ ತಲೆಗೆ ಹೋಗುವುದಿಲ್ಲ. ದೀಪ ತಳ್ಳಿದರೆ ಚಿಕ್ಕ ಮಕ್ಕಳಿಗೂ ಅರ್ಥವಾಗುತ್ತದೆ.

ಕಾಗದಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವಕ್ಕೆ ಬೆಳಕೇ ಶತ್ರು. ಆ ಕಾಲದ ಬ್ಲೂಪ್ರಿಂಟ್ ಅಂದರೆ ನೀಲಿ ಹಿನ್ನೆಲೆಯ ನಕ್ಷೆ ಪ್ರತಿ; ಬೆಳಕು ಬಿದ್ದರೆ ಆ ನೀಲಿ ಬಣ್ಣ ಮಂಕಾಗುತ್ತದೆ. ಕ್ಷಾರ ಬೆರೆಸಿದ ಕಾಗದದಲ್ಲಿ ಸುತ್ತಿಟ್ಟರೂ ಕೆಡುತ್ತದೆ. ಬೇರೆ ಹಳೇ ಕಾಗದಗಳಿಗೆ ಒಳ್ಳೆಯದು ಅಂತ ಎಲ್ಲರೂ ಕೊಳ್ಳುವುದು ಅಂಥದ್ದನ್ನೇ, ಬ್ಲೂಪ್ರಿಂಟಿಗೆ ಮಾತ್ರ ಆಗಿಬರುವುದಿಲ್ಲ. ಅದಕ್ಕೆ ಡ್ರಾಯಿಂಗ್‌ಗಳ ಗೋಡೆಯ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳದ ಹಾಗೆ ನೋಡಿಕೊಂಡೆವು. ಮಾಡೆಲ್‌ನ ದೀಪ ಅತ್ತ ತಾಗದಂತೆ ನಡುವೆ ಅಡ್ಡಗೋಡೆ ಕಟ್ಟಿಸಿದೆ. ಜಾಗ ಕಿರಿದಾಯಿತು, ಪರವಾಗಿಲ್ಲ. ಮಬ್ಬಿಗೆ ಕಣ್ಣು ಹೊಂದಲು ಸ್ವಲ್ಪ ಹೊತ್ತು ಬೇಕಲ್ಲ, ಹಾಗಾಗಿ ಜನ ಡ್ರಾಯಿಂಗ್‌ಗಳನ್ನು ಮೊದಲು ನೋಡಿ ಆಮೇಲೆ ದೀಪದ ಹತ್ತಿರ ಬರುವ ಹಾಗೆ ದಾರಿ ಮಾಡಿದೆವು.

ಪ್ಲಾನ್ ಓದುವುದು ಎಲ್ಲರಿಗೂ ಬರುವುದಿಲ್ಲ, ಬರಬೇಕು ಅಂತಲೂ ಇಲ್ಲ. ಪ್ರತಿ ಪ್ಲಾನಿನ ಪಕ್ಕ ಅದರ ನಕಲು ಇಟ್ಟು, ಬಾಗಿಲಿನಿಂದ ಒಳಗೆ ಹೋಗುವ ಒಬ್ಬ ಮನುಷ್ಯನ ದಾರಿಯನ್ನು ಕೆಂಪು ಗೆರೆಯಲ್ಲಿ ಎಳೆದೆವು. ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಡ್ರಾಯಿಂಗ್‌ನಲ್ಲಿ, ಅದೇ ಮನುಷ್ಯ ನಿಂತಿರುತ್ತಾನೆ, ಛಾವಣಿ ಎಷ್ಟು ಎತ್ತರ ಅಂತ ತಟ್ಟನೆ ಗೊತ್ತಾಗುತ್ತದೆ. ಲೇಬಲ್‌ಗಳನ್ನು ಮೊದಲು ಕನ್ನಡದಲ್ಲೇ ಬರೆದೆ. ಇಂಗ್ಲಿಷ್‌ನಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿದ ಲೇಬಲ್‌ಗಳನ್ನು ನಮ್ಮ ಜನ ಓದುವುದನ್ನು ನಾನು ನೋಡಿಲ್ಲ.

ಒಂದು ಮಧ್ಯಾಹ್ನ ಒಬ್ಬ ಮೇಸ್ತ್ರಿ ಬಂದಿದ್ದರು. ದೀಪವನ್ನು ಆ ಕಡೆ ಈ ಕಡೆ ತಳ್ಳುತ್ತಾ ಬಹಳ ಹೊತ್ತು ನಿಂತರು. "ಈಗ ನಾಲ್ಕು ದಿಕ್ಕಿಗೂ ಒಂದೂವರೆ ಅಡಿ ಹಾಕ್ತೀವಿ, ಓನರ್ ಅಷ್ಟೇ ಕೇಳೋದು. ಇದನ್ನ ಅವರಿಗೆ ತೋರಿಸೋಕೆ ಏನಾದ್ರೂ ಕಾಗದ ಕೊಡ್ತೀರಾ?" ಅಂದರು. ಗಾಜಿನ ಗೋಡೆ ಕಟ್ಟಿ ಒಳಗೆ ಏಸಿ ಓಡಿಸುವ ಈ ಊರಿನಲ್ಲಿ ನಾನು ಕಾಯುತ್ತಿದ್ದ ಪ್ರಶ್ನೆಯೇ ಅದು. ಯಾವ ದಿಕ್ಕಿನ ಕಿಟಕಿಗೆ ಎಷ್ಟು ಸಜ್ಜ ಅಂತ ಅಡಿ ಲೆಕ್ಕದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಮಾಡೆಲ್ ಪಕ್ಕದಲ್ಲೇ ಇಟ್ಟೆವು. ಇಡೀ ಪ್ರದರ್ಶನದಲ್ಲಿ ಜನ ಹೆಚ್ಚು ಮನೆಗೆ ಒಯ್ದದ್ದು ಆ ಹಾಳೆಯನ್ನೇ.