ಓವರ್‌ಡ್ರೈವ್ ಸೊಲೆನಾಯ್ಡ್ ಪರೀಕ್ಷೆ: ‘ಟಕ್’ ಅಂದರೆ ಸಾಲದು

ಟ್ರಯಂಫ್, ಎಂಜಿ, ಆಸ್ಟಿನ್ ಹೀಲಿಯಂಥ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹಲವಕ್ಕೆ ಗೇರ್‌ಬಾಕ್ಸ್‌ನ ಹಿಂದೆ ಲೇಕಾಕ್ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರ್ ಯೂನಿಟ್ ಇರುತ್ತದೆ. ಸ್ವಿಚ್ ಹಾಕಿದರೆ ಕಾರಿನ ವೇಗ ಹಾಗೇ ಇದ್ದು, ಎಂಜಿನ್ನಿನ ಸುತ್ತು ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಇಳಿಯುತ್ತದೆ. ಇದು ಕೈಕೊಟ್ಟಾಗ ಎಲ್ಲರಿಗೂ ಮೊದಲು ಅನುಮಾನ ಬರುವುದು ಸೊಲೆನಾಯ್ಡ್ ಮೇಲೆ, ಅಂದರೆ ಕರೆಂಟ್ ಕೊಟ್ಟಾಗ ಎಳೆದು ಓವರ್‌ಡ್ರೈವನ್ನು ಹತ್ತಿಸುವ ವಿದ್ಯುತ್ ಅಯಸ್ಕಾಂತದ ಮೇಲೆ. ಪರೀಕ್ಷೆ ಮಾಡದೆ ಅದನ್ನು ಎಸೆಯುವುದು ತಪ್ಪು. ಅದು ಎಳೆಯುತ್ತದೆಯೇ ಎಂದಷ್ಟೇ ನೋಡಿ ಸುಮ್ಮನಾಗುವುದು ಇನ್ನೂ ದೊಡ್ಡ ತಪ್ಪು.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ ಎಂದು ಮೊದಲು ತಿಳಿದುಕೊಳ್ಳಿ. ಎ ಟೈಪ್ ಮತ್ತು ಡಿ ಟೈಪ್‌ನಲ್ಲಿ ಸೊಲೆನಾಯ್ಡ್ ಹೊರಗಿನಿಂದ ಒಂದು ಲಿವರ್ ಎಳೆಯುತ್ತದೆ. ಅದರೊಳಗೆ ಎರಡು ಕಾಯಿಲ್‌ಗಳಿವೆ. ದಪ್ಪ ಕಾಯಿಲ್ ಪ್ಲಂಜರನ್ನು (ಒಳಗೆ ಜಾರುವ ಕಬ್ಬಿಣದ ಕಡ್ಡಿಯನ್ನು) ಜೋರಾಗಿ ಎಳೆಯುತ್ತದೆ, ಸಣ್ಣದು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಂಜರ್ ಪೂರ್ತಿ ಒಳಗೆ ಹೋದಾಗ ಒಳಗಿನ ಕಾಂಟ್ಯಾಕ್ಟ್ ತೆರೆದುಕೊಂಡು ದಪ್ಪ ಕಾಯಿಲ್‌ಗೆ ಕರೆಂಟ್ ನಿಲ್ಲುತ್ತದೆ. ಆಮೇಲೆ ಬಂದ ಎಲ್‌ಎಚ್ ಮತ್ತು ಜೆ ಟೈಪ್‌ಗಳಲ್ಲಿ ಇರುವುದು ಒಂದೇ ಕಾಯಿಲ್. ಅದು ಪುಟ್ಟ ವಾಲ್ವ್ ಒಂದನ್ನು ಆಡಿಸುತ್ತದೆ ಅಷ್ಟೇ.

ಕೆಳಗೆ ಇಳಿಯುವ ಮುಂಚೆ ಎರಡು ಮಾತು. ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟು ಚಕ್ರಕ್ಕೆ ಅಡ್ಡ ಇಡಿ. ಇನ್ನು, ಓವರ್‌ಡ್ರೈವ್ ಬಿಡದೆ ಸಿಕ್ಕಿಹಾಕಿಕೊಂಡಿದೆ ಎಂಬ ಅನುಮಾನ ಇದ್ದರೆ ಕಾರನ್ನು ರಿವರ್ಸ್ ಮಾಡಲೇಬೇಡಿ. ಒಳಗಿನ ಒನ್‌ವೇ ಕ್ಲಚ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಭಾಗ) ಮುರಿದು ಇಡೀ ಯೂನಿಟ್ ಹಾಳಾಗಬಹುದು.

ಮೊದಲ ಪರೀಕ್ಷೆ ಸೀಟಿನಲ್ಲಿ ಕೂತೇ ಆಗುತ್ತದೆ. ಎಂಜಿನ್ ಆಫ್ ಇರಲಿ, ಇಗ್ನಿಷನ್ ಆನ್ ಮಾಡಿ. ಟಾಪ್ ಗೇರಿಗೆ ಹಾಕಿ ಓವರ್‌ಡ್ರೈವ್ ಸ್ವಿಚ್ ಒತ್ತಿ. ಗೇರ್ ಹಾಕುವುದನ್ನು ಮರೆಯಬೇಡಿ. ಗೇರ್‌ಬಾಕ್ಸ್ ಮೇಲಿನ ಇನ್‌ಹಿಬಿಟರ್ ಸ್ವಿಚ್ ನ್ಯೂಟ್ರಲ್‌ನಲ್ಲಿ ಕರೆಂಟ್ ಬಿಡುವುದಿಲ್ಲ. ‘ಟಕ್’ ಎಂದು ಕೇಳಿದರೆ ಸೊಲೆನಾಯ್ಡ್ ಅಲುಗಾಡುತ್ತಿದೆ ಎಂದಾಯಿತು. ಅದು ಚೆನ್ನಾಗಿದೆ ಎಂದು ಇನ್ನೂ ಹೇಳುವ ಹಾಗಿಲ್ಲ.

ಸದ್ದೇ ಬರಲಿಲ್ಲವೇ? ಫ್ಯೂಸ್ ನೋಡಿ. ಆಮೇಲೆ ಸೊಲೆನಾಯ್ಡ್‌ನ ವೈರಿಗೆ ಮಲ್ಟಿಮೀಟರ್ ಹಿಡಿಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ. ವೈರ್ ಬಿಚ್ಚಿಟ್ಟು ಅಳೆದರೆ ತುಕ್ಕು ಹಿಡಿದ ಕನೆಕ್ಷನ್ ಕೂಡ ಸಲೀಸಾಗಿ 12 ವೋಲ್ಟ್ ತೋರಿಸುತ್ತದೆ. ಸೊಲೆನಾಯ್ಡ್ ಜೋಡಿಸಿಯೇ, ಸ್ವಿಚ್ ಒತ್ತಿದಾಗಲೇ ಅಳೆಯಬೇಕು. ಎ ಟೈಪ್ ಎಳೆಯುವಾಗ 15ರಿಂದ 20 ಆಂಪಿಯರ್ ಬೇಡುತ್ತದೆ. ದಾರಿಯಲ್ಲಿ 0.1 ಓಮ್ ಅಡ್ಡಿ ಇದ್ದರೂ ಸಾಕು, ಸುಮಾರು ಎರಡು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಾಗಾದರೆ ತಪ್ಪು ಸೊಲೆನಾಯ್ಡ್‌ದಲ್ಲ. ವೈರು, ರಿಲೇ, ಸ್ವಿಚ್, ಅರ್ಥ್, ಇಷ್ಟನ್ನೂ ಒಂದೊಂದಾಗಿ ನೋಡುತ್ತಾ ಬನ್ನಿ. ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸಿರಬಹುದು. ಆಗ ಮೀಟರ್‌ನಲ್ಲಿ ಮೈನಸ್ ಚಿಹ್ನೆ ಬಂದರೆ ಗಾಬರಿ ಬೇಡ.

ವೋಲ್ಟೇಜ್ ಬರುತ್ತಲೇ ಇಲ್ಲ ಅಂದರೆ ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಇರುವ ಒಂದು ದಪ್ಪ ವೈರ್ ಎಳೆದು ಸೊಲೆನಾಯ್ಡ್‌ಗೆ ಮುಟ್ಟಿಸಿ. ‘ಟಕ್’ ಎಂದರೆ ಸೊಲೆನಾಯ್ಡ್ ಎಳೆಯುತ್ತಿದೆ, ವೈರಿಂಗ್ ಕೆಟ್ಟಿದೆ.

ಈಗ ನಿಜವಾದ ಪರೀಕ್ಷೆ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು (ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಸೊಲೆನಾಯ್ಡ್‌ನ ವೈರಿಗೆ ಹಾಕಿ. ಸಾಮಾನ್ಯ ಮಲ್ಟಿಮೀಟರ್ ಬೇಡ, ಅದರ 10 ಆಂಪಿಯರ್ ಫ್ಯೂಸ್ ಹಾರಿಹೋಗಬಹುದು. ಸ್ವಿಚ್ ಒತ್ತಿದಾಗ ಕರೆಂಟ್ ಒಮ್ಮೆ ಮೇಲಕ್ಕೆ ಹಾರಿ ತಕ್ಷಣ ಕೆಳಗಿಳಿಯಬೇಕು. ಆ ಜಿಗಿತ ಕಣ್ಣಿಗೆ ಬೀಳದಿರಬಹುದು, ಪರವಾಗಿಲ್ಲ. ಕೊನೆಗೆ ನಿಂತ ಅಂಕಿ ಮುಖ್ಯ. ಎ ಮತ್ತು ಡಿ ಟೈಪ್‌ನಲ್ಲಿ ಅದು ಒಂದೆರಡು ಆಂಪಿಯರ್ ಇದ್ದರೆ ಒಳ್ಳೆಯದು. 15ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಕೂಡಲೇ ಸ್ವಿಚ್ ಆಫ್ ಮಾಡಿ. ಕಾಂಟ್ಯಾಕ್ಟ್ ತೆರೆದುಕೊಂಡಿಲ್ಲ, ದಪ್ಪ ಕಾಯಿಲ್ ಬಿಸಿಯಾಗುತ್ತಿದೆ. ಹೀಗೇ ಬಿಟ್ಟರೆ ಸುಟ್ಟುಹೋಗುತ್ತದೆ. ಕಿವಿಗೆ ಕೇಳುವ ‘ಟಕ್’ ಮಾತ್ರ ಎರಡು ಸಲವೂ ಒಂದೇ ಥರ ಇರುತ್ತದೆ! ಜೆ ಟೈಪ್‌ನಲ್ಲಿ ಈ ಜಿಗಿತ ಇರುವುದಿಲ್ಲ, ಕರೆಂಟ್ ಒಂದೇ ಸಮ ಎರಡು ಆಂಪಿಯರ್ ಹತ್ತಿರ ಇರುತ್ತದೆ.

ಕರೆಂಟ್ ಇಳಿಯದಿರಲು ಬಹಳ ಸಲ ಕಾರಣ ಲಿವರ್ ಹೊಂದಾಣಿಕೆ. ಪ್ಲಂಜರ್ ಕೊನೆಯವರೆಗೂ ಹೋಗುವ ಮೊದಲೇ ಲಿವರ್ ತಡೆದರೆ ಕಾಂಟ್ಯಾಕ್ಟ್ ತೆರೆಯುವುದಾದರೂ ಹೇಗೆ, ಅಲ್ವಾ? ಎ ಟೈಪ್‌ನಲ್ಲಿ ಪರೀಕ್ಷೆ ಸುಲಭ. ಲಿವರ್‌ನಲ್ಲೂ ಕೇಸಿಂಗ್‌ನಲ್ಲೂ ಒಂದೊಂದು ತೂತಿದೆ. ಸೊಲೆನಾಯ್ಡ್ ಎಳೆದು ಹಿಡಿದಿರುವಾಗ 3/16 ಇಂಚಿನ, ಅಂದರೆ 4.76 ಮಿಲಿಮೀಟರ್ ದಪ್ಪದ ಸರಳು ಎರಡು ತೂತಿನಲ್ಲೂ ನೇರವಾಗಿ ಹೋಗಬೇಕು. ಹೋಗದಿದ್ದರೆ ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿಕೊಂಡು ಹೊಂದಿಸಿ, ಮತ್ತೆ ಕರೆಂಟ್ ಅಳೆಯಿರಿ.

ಸೊಲೆನಾಯ್ಡ್ ಬಿಚ್ಚಬೇಕಾಗಿ ಬಂದರೆ ಮೊದಲು ಎಣ್ಣೆಯ ಒತ್ತಡ ಇಳಿಸಿ. ಎಂಜಿನ್ ಆಫ್ ಇಟ್ಟುಕೊಂಡು, ಇಗ್ನಿಷನ್ ಆನ್ ಮಾಡಿ ಸ್ವಿಚ್ಚನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆಯಿರಿ. ಜೆ ಟೈಪ್ ಸೊಲೆನಾಯ್ಡ್ ತಿರುಪಿನಂತೆ ಕೂತಿರುತ್ತದೆ. ಚಪ್ಪಟೆ ಭಾಗಕ್ಕೆ ತೆಳು ಸ್ಪ್ಯಾನರ್ ಹಾಕಿ ಬಿಚ್ಚಿ. ಪೈಪ್ ರೆಂಚ್‌ನಿಂದ ಮೈ ಹಿಡಿದು ತಿರುಗಿಸಬೇಡಿ. ಸ್ವಲ್ಪ ಎಣ್ಣೆ ಸುರಿಯುತ್ತದೆ, ಕೆಳಗೆ ಪಾತ್ರೆ ಇಡಿ.

ಬಿಚ್ಚಿದ ಮೇಲೆ ಓಮ್ ಅಳೆಯಿರಿ. ಎರಡು ಕಾಯಿಲ್‌ನ ಬಗೆಯಲ್ಲಿ ಪ್ಲಂಜರ್ ಹೊರಗಿದ್ದಾಗ ಒಂದು ಓಮ್‌ಗಿಂತ ಕಡಿಮೆ ಬರುತ್ತದೆ. ಇದನ್ನು ಶಾರ್ಟ್ ಎಂದುಕೊಂಡು ಒಳ್ಳೆಯ ಸೊಲೆನಾಯ್ಡನ್ನೇ ಕಸಕ್ಕೆ ಹಾಕುವವರಿದ್ದಾರೆ. ಈಗ ಪ್ಲಂಜರನ್ನು ಪೂರ್ತಿ ಒಳಗೆ ಒತ್ತಿ. ಓಮ್ ಮೇಲೇರಿ ಆರರಿಂದ ಹನ್ನೆರಡರ ನಡುವೆ ನಿಂತರೆ ಎರಡೂ ಕಾಯಿಲ್, ಕಾಂಟ್ಯಾಕ್ಟ್ ಸರಿ ಇವೆ. ಒತ್ತಿದರೂ ಅಂಕಿ ಬದಲಾಗದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಒತ್ತಿದಾಗ ಏನೂ ತೋರಿಸದಿದ್ದರೆ ಹಿಡಿಯುವ ಕಾಯಿಲ್ ತುಂಡಾಗಿದೆ. ಅಂಥದ್ದು ಪಟಪಟನೆ ಎಳೆದು ಬಿಟ್ಟು ಮಾಡುತ್ತಲೇ ಇರುತ್ತದೆ. ಒಂದೇ ಕಾಯಿಲ್‌ನ ಜೆ ಟೈಪ್‌ನಲ್ಲಿ ಆರು ಓಮ್ ಸುತ್ತಮುತ್ತ ಸಿಗಬೇಕು.

ಬೆಳಿಗ್ಗೆ ಸರಿ ಇದ್ದು ಓಡಿಸಿದ ಮೇಲೆ ಕೈಕೊಡುವ ಸೊಲೆನಾಯ್ಡ್‌ಗಳೂ ಇವೆ. 20 ಡಿಗ್ರಿಯಿಂದ 80 ಡಿಗ್ರಿಗೆ ಬಿಸಿಯಾದರೆ ತಾಮ್ರದ ಅಡ್ಡಿ ಕಾಲು ಭಾಗದಷ್ಟು ಜಾಸ್ತಿಯಾಗುತ್ತದೆ, ಎಳೆತ ಕುಗ್ಗುತ್ತದೆ. ಇಂಥ ದೂರು ಇದ್ದರೆ ಗೇರ್‌ಬಾಕ್ಸ್ ಬಿಸಿ ಇರುವಾಗಲೇ ಇವೇ ಪರೀಕ್ಷೆ ಮಾಡಿ. ಸೈಲೆನ್ಸರ್ ಪೈಪ್ ಕೈಗೆ ತಾಗದಂತೆ ಜೋಪಾನ.

ಎಲ್ಲದರಲ್ಲೂ ಪಾಸಾದರೂ ಓವರ್‌ಡ್ರೈವ್ ಹತ್ತುತ್ತಿಲ್ಲ ಎಂದರೆ ಸೊಲೆನಾಯ್ಡ್ ಬಿಟ್ಟುಬಿಡಿ. ಗೇರ್‌ಬಾಕ್ಸ್ ಎಣ್ಣೆಯ ಮಟ್ಟ, ಫಿಲ್ಟರ್, ಆಮೇಲೆ ವಾಲ್ವ್ ಮತ್ತು ಪಂಪ್, ಈ ಕ್ರಮದಲ್ಲಿ ನೋಡಿ. ಸುಟ್ಟದ್ದನ್ನು ತೆಗೆದು ಹೊಸದು ಹಾಕುವುದಾದರೆ ರಸ್ತೆಗೆ ಇಳಿಯುವ ಮುಂಚೆ ಕ್ಲ್ಯಾಂಪ್ ಮೀಟರ್ ಹಾಕಿ ಮತ್ತೊಮ್ಮೆ ಅಳೆಯಿರಿ. ಲಿವರ್ ಸರಿಮಾಡದೆ ಹಾಕಿದರೆ ಹೊಸದೂ ಅದೇ ಥರ ಸುಡುತ್ತದೆ.